ಹೊರಗಿನ ಬೆಂಚು

2020ರ ಡಿಸೆಂಬರ್ ತಿಂಗಳ ಒಂದು ಭಾನುವಾರ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ನನ್ನನ್ನು ಚರ್ಚ್ ಸ್ಟ್ರೀಟಿಗೆ ಕರೆದುಕೊಂಡು ಹೋಗಿದ್ದಳು. ಕೊರೋನಾದ ಮೊದಲ ಅಲೆ ಇಳಿಯತೊಡಗಿದ್ದ ಕಾಲ. ಆ ವರ್ಷದ ನವೆಂಬರ್ 7ರಿಂದ ಶನಿವಾರ, ಭಾನುವಾರಗಳಂದು ಅಲ್ಲಿ ವಾಹನ ಸಂಚಾರ ನಿಲ್ಲಿಸಿ, ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟಿದ್ದರು. ಕಲ್ಲು ಹಾಸಿದ ಆ ಬೀದಿಯಲ್ಲಿ ಮಕ್ಕಳು ಓಡಾಡುತ್ತಿದ್ದರು. ಮಾಸ್ಕ್ ಹಾಕಿಕೊಂಡ ಜನ ಹಬ್ಬದಂತೆ ಸೇರಿದ್ದರು. ಒಂದು ಹೋಟೆಲಿನ ಮುಂದೆ ನಿಂತು ನಾನು ಒಳಗೆ ಹೆಜ್ಜೆ ಇಡುವಷ್ಟರಲ್ಲಿ ಮಗಳು ಕೈ ಹಿಡಿದು ಎಳೆದಳು.

"ಒಳಗೆ ಬೇಡಮ್ಮಾ, ಹೊರಗೆ ಕೂರೋಣ."

ಅವಳು ಸಹಜವಾಗಿ ಆಡಿದ ಮಾತು. ಮುಚ್ಚಿದ ಕೋಣೆಗಿಂತ ತೆರೆದ ಗಾಳಿ ಸುರಕ್ಷಿತ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಅದೇ ವರ್ಷ ಜೂನ್‌ನಲ್ಲಿ ನ್ಯೂಯಾರ್ಕ್ ನಗರ ಹೋಟೆಲುಗಳಿಗೆ ಕಾಲುದಾರಿಯ ಮೇಲೂ ರಸ್ತೆಯ ಅಂಚಿನಲ್ಲೂ ಮೇಜು ಹಾಕಲು ಅನುಮತಿ ಕೊಟ್ಟಿತ್ತು. ಬೀದಿಬದಿಯ ಕಾಫಿಗೆ ಮೊದಲೇ ಹೆಸರಾದ ಪ್ಯಾರಿಸ್, ಕಾರು ನಿಲ್ಲಿಸುವ ಜಾಗವನ್ನೂ ಕುರ್ಚಿಗಳಿಗೆ ಬಿಟ್ಟಿತ್ತು. ಆದರೆ 'ಹೊರಗೆ ಕೂರೋಣ' ಎಂಬ ಮಾತು ನನ್ನನ್ನು ಪ್ಯಾರಿಸ್ಸಿಗೆ ಒಯ್ಯಲಿಲ್ಲ. ಹೊಳಲ್ಕೆರೆ ಕಡೆಯ ಒಂದು ಹಳ್ಳಿಗೆ ಒಯ್ದಿತು.

ಅದು ನನ್ನ ಅಜ್ಜಿಯ ಊರು. ಎಂಬತ್ತರ ದಶಕದ ಆರಂಭದಲ್ಲಿ ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿದ್ದೆವು. ಬಸ್ಸು ನಿಲ್ಲುವ ಕಡೆ ಒಂದು ಹೋಟೆಲಿತ್ತು. ಒಳಗೆ ಎರಡು ಮೇಜು, ನಾಲ್ಕು ಬೆಂಚು. ಹೊರಗೆ, ಜಗುಲಿಯ ಕೆಳಗೆ ಒಂದು ಕಲ್ಲುಚಪ್ಪಡಿ. ಹೊರಗಿನ ಗಾಳಿ ತಂಪಾಗಿದೆ ಎಂದು ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಅದು ದಲಿತರು ಕೂರುವ ಜಾಗ. ಅವರ ಲೋಟಗಳು ಸೂರಿನ ಸಂದಿಯಲ್ಲಿ ಬೇರೆಯೇ ಇರುತ್ತಿದ್ದವು. ಅವರೇ ತೆಗೆದುಕೊಂಡು, ಕುಡಿದು, ಅವರೇ ತೊಳೆದಿಡಬೇಕು. ಟೀಗೆ ಕೊಡುವ ಕಾಸು ಮಾತ್ರ ಒಳಗಿನವರಷ್ಟೇ.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಹೆಸರೆತ್ತಿಯೇ ಯಾರನ್ನೂ ತಡೆಯಕೂಡದೆಂದು ಹೇಳಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯ್ದೆಯೂ ಬಂತು. ಆ ಕಾಯ್ದೆ ಬಂದು ಇಪ್ಪತ್ತೈದು ವರ್ಷ ಕಳೆದ ಮೇಲೂ ಆ ಕಲ್ಲುಚಪ್ಪಡಿ ಅಲ್ಲೇ ಇತ್ತು. ಹೀಗಾಗಿ ನಮ್ಮ ಸೀಮೆಯಲ್ಲಿ 'ಹೊರಗೆ ಕೂರು' ಎಂಬ ಮಾತಿಗೆ ಬೇರೆಯೇ ಅರ್ಥವಿತ್ತು. ಅದು ಆಹ್ವಾನವಾಗಿರಲಿಲ್ಲ.

ನನ್ನ ಅಬ್ಬಾ ಪೇಟೆಯಲ್ಲಿ ಟೀ ಗಾಡಿ ಇಟ್ಟಿದ್ದರು. ಯಾವ ಪೇಟೆ ಎಂದು ಹೇಳುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವುದನ್ನು ನೆನೆದುಕೊಂಡರೂ ಚಿತ್ರ ಬದಲಾಗದು. ದುರ್ಗದಲ್ಲಿ ಸಂಜೆಯಾದರೆ ಮಂಡಕ್ಕಿ-ಮಿರ್ಚಿ ಗಾಡಿಗಳ ಸುತ್ತ ಜನ. ಹಿರಿಯೂರಿನಲ್ಲಿ ಪುಣೆ ಹೆದ್ದಾರಿಯ ಲಾರಿ ಚಾಲಕರು ಟೀಗೆ ಇಳಿಯುತ್ತಾರೆ. ಹೊಸದುರ್ಗಕ್ಕೆ ತೆಂಗಿನವರು, ಹೊಳಲ್ಕೆರೆಗೆ ಅಡಿಕೆಯವರು ವ್ಯವಹಾರಕ್ಕೆ ಬಂದು, ಬಸ್ಸಿಗೆ ಕಾಯುತ್ತ ಎಲ್ಲೋ ಒಂದು ಕಡೆ ಕೂರಲೇಬೇಕು. ಅಂಥವರಿಗಾಗಿ ಅಬ್ಬಾ ಗಾಡಿಯ ಪಕ್ಕ ಒಂದು ಬೆಂಚು ಹಾಕಿದ್ದರು. ಹಳೆಯ ಬಾಗಿಲ ಹಲಗೆಯೊಂದನ್ನು ಎರಡು ಕಲ್ಲುಗಳ ಮೇಲೆ ಕೂರಿಸಿದ ಬೆಂಚು ಅದು.

ಆ ಬೆಂಚಿನ ವಿಶೇಷ ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ನಂತರ. ಅಬ್ಬಾನ ಅಂಗಡಿಗೆ ಒಳಗೆ ಎಂಬುದೇ ಇರಲಿಲ್ಲ. ಒಳಗೆ ಇಲ್ಲದ ಮೇಲೆ ಯಾರನ್ನು ಹೊರಗೆ ಕೂರಿಸುವುದು? ಹಮಾಲಿ, ಮಾಸ್ತರು, ಕುರಿ ಮಾರಲು ಬಂದವರು, ಆಸ್ಪತ್ರೆಗೆ ಬಂದವರು, ಎಲ್ಲರೂ ಒಂದೇ ಹಲಗೆಯ ಮೇಲೆ. ಅಜ್ಜಿಯ ಊರಿನಲ್ಲಿ ಚಪ್ಪಡಿಯ ಮೇಲೆ ಕೂರುತ್ತಿದ್ದವರೇ ಇಲ್ಲಿ ಬಂದು ಬೇರೆಯವರ ಪಕ್ಕ ಕುಳಿತು, ಅದೇ ಲೋಟದಲ್ಲಿ ಎಂಟಾಣೆಯ ಟೀ ಕುಡಿದು ಹೋಗುತ್ತಿದ್ದುದನ್ನು ಕಂಡಿದ್ದೇನೆ. ಎಲ್ಲರೂ ಬರುತ್ತಿದ್ದರು ಎಂದರೆ ಸುಳ್ಳಾದೀತು. ಸಾಬರ ಗಾಡಿ ಎಂದು ಮುಂದಕ್ಕೆ ಹೋಗುವವರೂ ಇದ್ದರು. ಅಬ್ಬಾ ಅವರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ರಂಜಾನಿನಲ್ಲಿ ಮಗ್ರಿಬ್ ಆದ ಮೇಲೆ ಗಾಡಿ ತೆರೆಯುತ್ತಿದ್ದರು. ಹಗಲಿನಲ್ಲಿ ಬೆಂಚು ಮಾತ್ರ ಹಾಗೇ ಇರುತ್ತಿತ್ತು. ಟೀ ಇಲ್ಲದಿದ್ದರೂ ಜನ ಬಂದು ಕೂರುತ್ತಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಷ್ಟೇ ಹೇಳಿದಂತಾಗುತ್ತದೆ. ಏಕೆಂದರೆ ಆ ಬೆಂಚಿನ ಮೇಲೆ ನಾನು ಒಂದು ದಿನವೂ ಕೂತಿಲ್ಲ.

ಮನೆಯಿಂದ ಹಾಲಿನ ಕ್ಯಾನು ಹೊತ್ತು ತರುತ್ತಿದ್ದವಳು ನಾನು. ಲೋಟ ತೊಳೆಯಲು ನೀರು ತುಂಬಿಸುತ್ತಿದ್ದವಳು ನಾನು. ಅಮ್ಮ ದಿನಾ ಬೆಳಿಗ್ಗೆ ಬಂದು ಸೆರಗಿನ ತುದಿಯಿಂದ ಬೆಂಚಿನ ಧೂಳು ಒರೆಸಿ, ಗಾಡಿಯ ಸುತ್ತ ನೀರು ಚಿಮುಕಿಸಿ ಹೋಗುತ್ತಿದ್ದರು. ಅವರೂ ಕೂತಿಲ್ಲ. ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಬೇರೆ ಹೆಂಗಸರೂ ಹಾಗೆಯೇ. ಹಿಂದೂ ಮುಸ್ಲಿಂ ಎಂಬ ಭೇದ ಇದರಲ್ಲಿ ಇರಲಿಲ್ಲ. ಹತ್ತು ಮೈಲಿ ದೂರದಿಂದ ಬಂದ ಬಸುರಿಯೂ ಗಾಡಿಯ ಮರೆಯಲ್ಲಿ ನಿಂತು, ಮುಖ ಆಚೆ ತಿರುಗಿಸಿ, ಗುಟುಕು ಗುಟುಕಾಗಿ ಕುಡಿದು ಲೋಟ ಕೊಟ್ಟು ಹೋಗುತ್ತಿದ್ದಳು. ಜಾತಿ ಕೇಳದ ಬೆಂಚು ಅದು. ಆದರೆ ನೀನು ಗಂಡಸೇ ಎಂದು ಮಾತ್ರ ಕೇಳುತ್ತಿತ್ತು.

ತೊಂಬತ್ತರ ದಶಕದಲ್ಲಿ ಒಂದು ಬೆಳಿಗ್ಗೆ ರಸ್ತೆ ಅಗಲ ಮಾಡುವವರು ಬಂದರು. ಮುಂಚಿತವಾಗಿ ನೋಟಿಸು ಇರಲಿಲ್ಲ. ಗಾಡಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದರು. ಹಲಗೆ ಎಳೆಯುವಾಗ ಎರಡು ತುಂಡಾಯಿತು. ಅಬ್ಬಾ ವಾದಿಸಲಿಲ್ಲ. ಬೀದಿ ಸರಕಾರದ್ದು, ತಪ್ಪು ತಮ್ಮದು ಎಂದೇ ಅವರು ತಿಳಿದಿದ್ದರು. ಬೀದಿ ಇರುವುದು ಕೇವಲ ಹಾದುಹೋಗುವುದಕ್ಕೆ ಎಂಬ ಕಾರಣ ಕೊಟ್ಟು ಅಲ್ಲಿ ವ್ಯಾಪಾರ ಮಾಡುವ ಹಕ್ಕನ್ನು ನಿರಾಕರಿಸುವಂತಿಲ್ಲ, ಅದನ್ನು ಕ್ರಮಬದ್ಧಗೊಳಿಸಬಹುದು ಎಂದು ಸುಪ್ರೀಂ ಕೋರ್ಟು 1989ರಲ್ಲೇ, ಸೋದನ್ ಸಿಂಗ್ ಪ್ರಕರಣದಲ್ಲಿ, ಹೇಳಿತ್ತು. ಆ ಸುದ್ದಿ ನಮ್ಮ ಗಾಡಿಯವರೆಗೆ ಬಂದಿರಲಿಲ್ಲ. ಅಬ್ಬಾ ಮುಂದೆ ಒಂದು ಮಂಡಿಯಲ್ಲಿ ಲೆಕ್ಕ ಬರೆದುಕೊಂಡು ಉಳಿದ ದಿನ ಕಳೆದರು.

2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಜಾರಿಗೆ ಬಂತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು, ಪ್ರಮಾಣಪತ್ರ ಪಡೆದವರನ್ನು ಎಬ್ಬಿಸಬೇಕಾದರೂ 30 ದಿನದ ನೋಟಿಸು ಕೊಡಬೇಕು ಎನ್ನುತ್ತದೆ ಅದು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಎನ್ನುತ್ತದೆ. ಓದಿದಾಗ, ಇದು ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಎಂದು ಮನಸ್ಸು ಲೆಕ್ಕ ಹಾಕಿತು.

ಚರ್ಚ್ ಸ್ಟ್ರೀಟಿನಲ್ಲಿ ಹೊರಗಿನ ಕುರ್ಚಿಯ ಮೇಲೆ ಕುಳಿತಾಗ ಇದೆಲ್ಲ ನೆನಪಾಯಿತು. ಬುರ್ಖಾ ಹಾಕಿದ ಐವತ್ತರ ಹೆಂಗಸೊಬ್ಬಳು ಬೀದಿಗೆ ಮುಖ ಮಾಡಿ ಕಾಫಿ ಕುಡಿಯುತ್ತಿದ್ದರೆ ಒಬ್ಬರೂ ತಿರುಗಿ ನೋಡಲಿಲ್ಲ. ಸುಳ್ಳೇಕೆ, ಬಹಳ ಸಂತೋಷವಾಯಿತು. ಪಕ್ಕದ ಮೇಜಿನಲ್ಲಿ ಮೂವರು ಹುಡುಗಿಯರು ಜೋರಾಗಿ ನಗುತ್ತಿದ್ದರು. ನಮ್ಮೂರ ಬೆಂಚು ಕೊಡದಿದ್ದುದನ್ನು ಈ ಕುರ್ಚಿ ಕೊಟ್ಟಿತ್ತು.

ಅಷ್ಟರಲ್ಲಿ ಬಲೂನು ಮಾರುವ ಹುಡುಗನೊಬ್ಬ ನಮ್ಮ ಮೇಜಿನ ಬಳಿ ಬಂದ. ನಡೆದು ದಣಿದಿದ್ದನೋ ಏನೋ, ಖಾಲಿ ಕುರ್ಚಿಯ ಬೆನ್ನಿಗೆ ಕೈ ಊರಿ ನಿಂತ. ಹೋಟೆಲಿನ ನೌಕರ ಓಡಿಬಂದು ಅವನನ್ನು ಸರಿಸಿದ. ಗದರಿಸಲೂ ಇಲ್ಲ, ಸುಮ್ಮನೆ ಕೈ ಬೀಸಿದ. ನೌಕರನೂ ಎಲ್ಲೋ ನಮ್ಮಂಥ ಊರಿನವನೇ ಇರಬೇಕು, ಅವನ ಕೆಲಸ ಅವನು ಮಾಡಿದ. ಆಮೇಲೆ ಬಿಲ್ಲು ಬಂತು. ಎರಡು ಕಾಫಿಯ ಆ ಬಿಲ್ಲು ನೋಡಿ, ಅಬ್ಬಾ ಇಡೀ ತಿಂಗಳು ಟೀ ಮಾರಿ ಉಳಿಸುತ್ತಿದ್ದ ದುಡ್ಡು ನೆನಪಾಯಿತು. ಈ ಕುರ್ಚಿ ಹೆಣ್ಣೇ ಗಂಡೇ ಎಂದು ಕೇಳುವುದಿಲ್ಲ. ಜೇಬಿನಲ್ಲಿ ಎಷ್ಟಿದೆ ಎಂದು ಕೇಳುತ್ತದೆ.

ದೊಡ್ಡ ನಗರದ ಹೋಟೆಲು ಕಾಲುದಾರಿಯ ಮೇಲೆ ಕುರ್ಚಿ ಹಾಕಿದರೆ ಅದು ನಗರದ ಸೊಬಗು. ಸಣ್ಣ ಊರಿನ ಗಾಡಿಯವನು ಹಲಗೆ ಹಾಕಿದರೆ ಅದು ಒತ್ತುವರಿ. ಕುರ್ಚಿಗೂ ಹಲಗೆಗೂ ಬೇಕಾಗುವ ಜಾಗ ಹೆಚ್ಚುಕಡಿಮೆ ಒಂದೇ. ನಡೆಯುವವರಿಗೆ ದಾರಿ ಬಿಡಲೇಬೇಕು, ಕುರುಡರು, ಕುಂಟರು, ಮಕ್ಕಳ ಗಾಡಿ ತಳ್ಳುವವರು ಎಡವದಂತೆ ಇರಲೇಬೇಕು. ಆ ನಿಯಮ ಎರಡಕ್ಕೂ ಒಂದೇ ಆಗಿರಲಿ. ನಮ್ಮ ಊರುಗಳಲ್ಲಿ ವ್ಯಾಪಾರ ಸಮಿತಿ ಸಭೆ ಸೇರಿ ಗಾಡಿಗಳಿಗೆ ಗೆರೆ ಎಳೆಯುವಾಗ, ಪಕ್ಕದಲ್ಲಿ ಒಂದು ಬೆಂಚಿಗೂ ಜಾಗ ಬಿಡಲಿ. ದುಡ್ಡಿಲ್ಲದವನೂ ಕೂರುವಂತಿರಲಿ. ಹೆಂಗಸರು ಹಗುರಾಗಿ ಕೂರಲು ಬೆಳಕಿರಲಿ, ಹತ್ತಿರದಲ್ಲೊಂದು ಶುಚಿಯಾದ ಶೌಚಾಲಯವಿರಲಿ. ಇದೇನು ದೊಡ್ಡ ಬೇಡಿಕೆಯೇ?

ಕಳೆದ ವರ್ಷ ಮಗಳು ರಜೆಗೆ ಬಂದಾಗ ಮೂವರೂ ಚಿತ್ರದುರ್ಗಕ್ಕೆ ಹೋಗಿದ್ದೆವು, ಅಮ್ಮ, ನಾನು, ಅವಳು. ಕೋಟೆ ನೋಡಿಕೊಂಡು ಇಳಿಯುವಷ್ಟರಲ್ಲಿ ಸಂಜೆಯಾಗಿತ್ತು. ಒಂದು ಮಂಡಕ್ಕಿ ಗಾಡಿಯ ಮುಂದೆ ಬೆಂಚು ಹಾಕಿದ್ದರು. ಒಂದು ತುದಿಯಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು ಮಿರ್ಚಿ ತಿನ್ನುತ್ತ ಕುಳಿತಿದ್ದರು. ಮಗಳು ಹೋಗಿ ಅವರ ಪಕ್ಕ ಕುಳಿತು, "ಬಾ ನಾನೀ" ಎಂದು ಅಮ್ಮನನ್ನು ಕರೆದಳು.

ಎಪ್ಪತ್ತೈದು ದಾಟಿದ ಅಮ್ಮ ಒಂದು ಕ್ಷಣ ನಿಂತರು. ನನ್ನ ಮುಖ ನೋಡಿದರು. ಆಮೇಲೆ ಅಭ್ಯಾಸದಂತೆ ಸೆರಗಿನ ತುದಿ ಹಿಡಿದು ಬೆಂಚಿನ ಧೂಳು ಒರೆಸಿದರು. ಒರೆಸಿ, ಈ ಸಲ ಮನೆಗೆ ಹೊರಡಲಿಲ್ಲ. ಕೂತರು. "ಖಾರ ಕಮ್ಮಿ ಹಾಕಪ್ಪಾ" ಎಂದರು ಗಾಡಿಯವನಿಗೆ.