ಸುಮ್ಮನಿದ್ದರೂ ಬಿಸಿಯಾಗುವ ಯಂತ್ರ

ಗಣಕಯಂತ್ರದೊಳಗೆ ಇನ್ನೊಂದು ಗಣಕಯಂತ್ರವನ್ನು ಇಟ್ಟುಕೊಳ್ಳುವುದು ಈಗ ಡಿಪ್ಲೊಮಾ, ಬಿಸಿಎ, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ನಿತ್ಯದ ಕೆಲಸ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಕಲಿಯಲು ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಹಾಕಿಕೊಂಡರೆ ಪರದೆಯ ಮೇಲೆ, ಒಂದು ಚೌಕದೊಳಗೆ, ಪೂರ್ತಿ ಇನ್ನೊಂದು ಯಂತ್ರವೇ ಎದ್ದು ಕೂರುತ್ತದೆ. ವರ್ಚುವಲ್ ಮೆಷೀನ್ ಎನ್ನುವುದು ಇದಕ್ಕೇ. ಉಪಾಯ ಹೊಸದಲ್ಲ, ಐಬಿಎಂ ಕಂಪನಿ ತನ್ನ ದೊಡ್ಡ ಯಂತ್ರಗಳಲ್ಲಿ 1960ರ ದಶಕದಲ್ಲೇ ಇದನ್ನು ಮಾಡಿತ್ತು. ಮನೆಬಳಕೆಯ ಯಂತ್ರಗಳಲ್ಲಿ ಇದು ಸಲೀಸಾದದ್ದು 2005ರಿಂದೀಚೆಗೆ, ಇಂಟೆಲ್ ಮತ್ತು ಎಎಂಡಿ ಕಂಪನಿಗಳು ಅದಕ್ಕೆ ಬೇಕಾದ ಸೌಲಭ್ಯವನ್ನು ಪ್ರೊಸೆಸರಿನೊಳಗೇ ಸೇರಿಸಿದ ಮೇಲೆ.

ಇದನ್ನು ಬಾಡಿಗೆಮನೆ ಎಂದುಕೊಳ್ಳಿ. ಬಾಡಿಗೆದಾರನಿಗೆ ತನ್ನ ಎರಡು ಕೋಣೆಗಳೇ ಇಡೀ ಮನೆ. ಆದರೆ ವಿದ್ಯುತ್ ಬರುವುದು ಮಾಲೀಕನ ಮೀಟರಿನಿಂದ. ಬಿಲ್ಲು ಏಕಾಏಕಿ ಏರಿದರೆ ನಾವು ಏನು ಮಾಡುತ್ತೇವೆ? ಹೊರಗಿನ ಮೀಟರ್ ನೋಡುತ್ತೇವೆ, ಒಳಗಿನ ಸಬ್ ಮೀಟರ್ ನೋಡುತ್ತೇವೆ, ಎರಡನ್ನೂ ತಾಳೆ ಹಾಕುತ್ತೇವೆ. ವೈರಿಂಗ್ ಕಿತ್ತು ಹಾಕುವ ಮಾತು ಆಮೇಲೆ.

ನಮ್ಮ ಕುದೂರಿನಲ್ಲೇ ಒಬ್ಬ ಹುಡುಗಿಯ ವಿಷಯದಲ್ಲಿ ವೈರಿಂಗ್ ಕೀಳುವ ಮಾತೇ ಮೊದಲು ಬಂದಿತ್ತು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಡಿಪ್ಲೊಮಾ ಓದುತ್ತಿದ್ದಾಳೆ. ತಂದೆ ರೇಷ್ಮೆಗೂಡಿನ ದುಡ್ಡಿನಲ್ಲಿ ಲ್ಯಾಪ್‌ಟಾಪ್ ಕೊಡಿಸಿದ್ದರು. ಲಿನಕ್ಸ್ ತೆರೆದೊಡನೆ ಫ್ಯಾನು ರಾಗಿ ಮಿಲ್ಲಿನಂತೆ ಅರಚುತ್ತಿತ್ತು, ಕೀಲಿಮಣೆ ಮುಟ್ಟಿದರೆ ಬೆಚ್ಚಗೆ. ಬೆಂಗಳೂರಿನ ರಿಪೇರಿ ಅಂಗಡಿಯೊಂದರಲ್ಲಿ ಬೋರ್ಡು ಹೋಗಿದೆ, ಹದಿನಾಲ್ಕು ಸಾವಿರ ಆಗುತ್ತದೆ ಎಂದರಂತೆ. ಆ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. “ಮೇಷ್ಟ್ರೇ, ಇನ್ನೊಂದ್ ಸಲ ದುಡ್ಡು ಹಾಕೋ ಶಕ್ತಿ ನಂಗಿಲ್ಲ. ಈ ಕೋರ್ಸೇ ಬ್ಯಾಡ, ಬಿಡಿಸಿಬಿಡ್ಲಾ?” ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

ಮೊದಲು ಒಳಗಿನ ಲಿನಕ್ಸನ್ನು ಮುಚ್ಚಿಸಿ ಹತ್ತು ನಿಮಿಷ ಕಾದೆವು. ಫ್ಯಾನು ತಣ್ಣಗಾಯಿತು. ಎಲ್ಲ ಮುಚ್ಚಿದ ಮೇಲೂ ಅರಚಿದ್ದರೆ ಧೂಳೋ ಫ್ಯಾನೋ ಎಂದು ಅನುಮಾನಿಸಬಹುದಿತ್ತು. ಈ ಹತ್ತು ನಿಮಿಷದ ಪರೀಕ್ಷೆಗೆ ಕಾಸು ಖರ್ಚಿಲ್ಲ, ಅಂಗಡಿಯಲ್ಲಿ ಮಾತ್ರ ಯಾರೂ ಮಾಡಿರಲಿಲ್ಲ.

ಮತ್ತೆ ಲಿನಕ್ಸ್ ತೆರೆದು ಎರಡು ಮೀಟರುಗಳನ್ನೂ ನೋಡಿದೆವು. ಹೊರಗಿನದು ವಿಂಡೋಸಿನ ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಅಲ್ಲಿ ಪ್ರೊಸೆಸರ್ ಶೇಕಡಾ 80ರ ಮೇಲೆ. ಒಳಗಿನದು ಲಿನಕ್ಸಿನ ‘ಟಾಪ್’ ಎಂಬ ಆಜ್ಞೆ. ಅಲ್ಲಿ ಶೇಕಡಾ 3! ಬಾಡಿಗೆದಾರ ದೀಪ ಆರಿಸಿ ಮಲಗಿದ್ದಾನೆ, ಹೊರಗಿನ ಮೀಟರ್ ಗಿರಗಿರನೆ ತಿರುಗುತ್ತಿದೆ. ಅಂದಮೇಲೆ ಸೋರಿಕೆ ಇರುವುದು ಇಬ್ಬರ ನಡುವೆ.

ವರ್ಚುವಲ್‌ಬಾಕ್ಸ್ ಚೌಕದ ಕೆಳತುದಿಯಲ್ಲಿ ಒಂದು ಹಸಿರು ಆಮೆಯ ಚಿತ್ರವಿತ್ತು. “ಅದು ಮೊದಲಿಂದ್ಲೂ ಇದೆ ಸಾರ್, ಅಂದಕ್ಕೆ ಹಾಕಿರ್ತಾರೆ ಅಂದ್ಕೊಂಡಿದ್ದೆ” ಎಂದಳು. ಅಂದಕ್ಕಲ್ಲ. ಪ್ರೊಸೆಸರಿನ ಆ ವಿಶೇಷ ಸೌಲಭ್ಯವನ್ನು ವಿಂಡೋಸಿನದೇ ಹೈಪರ್-ವಿ ಎಂಬ ವ್ಯವಸ್ಥೆ ಹಿಡಿದುಕೊಂಡಿದೆ, ಏನು ಬೇಕಿದ್ದರೂ ಅದರ ಮೂಲಕವೇ ಹೋಗಬೇಕು, ಹಾಗಾಗಿ ನಡಿಗೆ ನಿಧಾನ ಎಂಬುದಕ್ಕೆ ಆ ಆಮೆ ಗುರುತು. ಕಾಲೇಜಿನ ಇನ್ನೊಂದು ವಿಷಯಕ್ಕಾಗಿ ಅವಳು ಹಿಂದೆ ವಿಂಡೋಸಿನದೇ ಲಿನಕ್ಸ್ ಸೌಲಭ್ಯವನ್ನು ಹಾಕಿಕೊಂಡಿದ್ದಳು. ಹೈಪರ್-ವಿ ಎದ್ದು ಕೂತದ್ದು ಆಗ. ಆ ವಿಷಯದ ಪರೀಕ್ಷೆ ಮುಗಿದಿತ್ತು. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ವರ್ಚುವಲ್ ಮೆಷೀನ್ ಪ್ಲಾಟ್‌ಫಾರ್ಮ್ ಮತ್ತು ಹೈಪರ್-ವಿ ಎರಡನ್ನೂ ತೆಗೆದೆವು. ಆಮೆ ಕದಲಲಿಲ್ಲ. ಮೆಮೊರಿ ಇಂಟೆಗ್ರಿಟಿ ಎಂಬ ಇನ್ನೊಂದು ರಕ್ಷಣೆಯೂ ಅದನ್ನೇ ಆಧರಿಸಿರುತ್ತದೆ. ಅದನ್ನೂ ಆರಿಸಿ ಯಂತ್ರವನ್ನು ಮತ್ತೆ ಶುರು ಮಾಡಿದಾಗ ಆಮೆ ಮಾಯವಾಯಿತು. ಇದು ಭದ್ರತೆಗಾಗಿ ಇರುವ ಏರ್ಪಾಡು. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಯೋಚಿಸದೆ ಆರಿಸಬಾರದೆಂದು ತಂದೆ-ಮಗಳಿಬ್ಬರಿಗೂ ಹೇಳಿದೆ.

ಇನ್ನೂ ಒಂದಿತ್ತು. ಬೇಗ ಓಡಲಿ ಎಂಬ ಆಸೆಯಿಂದ ಅವಳು ಪ್ರೊಸೆಸರುಗಳ ಗುಂಡಿಯನ್ನು ಹಸಿರು ದಾಟಿಸಿ ಕೆಂಪು ಪಟ್ಟಿಯವರೆಗೆ ಎಳೆದಿದ್ದಳು. ಅವಳದು ನಾಲ್ಕು ಕೋರ್‌ಗಳ ಪ್ರೊಸೆಸರ್, ಒಳಗಿನ ಯಂತ್ರಕ್ಕೆ ಕೊಟ್ಟದ್ದು ಎಂಟು. ಇಷ್ಟಾದರೆ ಮಾಲೀಕನಿಗೇ ಕೂರಲು ಜಾಗವಿಲ್ಲ, ಸರದಿ ಹಂಚುವುದೇ ದೊಡ್ಡ ಕೆಲಸವಾಗುತ್ತದೆ. ಎರಡಕ್ಕೆ ಇಳಿಸಿದೆವು. ಹೊರಗಿನ ಮೀಟರ್ ಶೇಕಡಾ 9ಕ್ಕೆ ಬಂತು. ಅವಳ ತಂದೆ ಲ್ಯಾಪ್‌ಟಾಪಿನ ಅಡಿಗೆ ಅಂಗೈ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದರು.

ಒಳಗಿನ ಮೀಟರೇ ಏರಿದ್ದರೆ ಹುಡುಕುವ ದಾರಿ ಬೇರೆ. ನನ್ನ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ‘ನುಡಿ’ಯಲ್ಲಿ, ಯೂನಿಕೋಡ್ ಅಲ್ಲದ ಹಿಂದಿನ ಅಕ್ಷರಗಳಲ್ಲಿವೆ. ಅವನ್ನು ತೆರೆಯಲೆಂದೇ ವಿಂಡೋಸ್ ಎಕ್ಸ್‌ಪಿಯ ಒಂದು ವರ್ಚುವಲ್ ಮೆಷೀನ್ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಅನೇಕ ಮೇಷ್ಟರುಗಳ ಪಾಡೂ ಇದೇ ಇರಬೇಕು. ಅಲ್ಲಿ ಪ್ರೊಸೆಸರನ್ನು ತಿನ್ನುತ್ತಿದ್ದದ್ದು ಹಳೆಯ ವೈರಸ್ ನಿರೋಧಕ, ಯಾರೂ ಮುಟ್ಟದ ಕಡತಗಳನ್ನು ದಿನವಿಡೀ ತಡಕುತ್ತಿತ್ತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರಲ್ಲೇ ಬೆಂಬಲ ನಿಲ್ಲಿಸಿರುವುದರಿಂದ ಅಂತರ್ಜಾಲದ ಸಂಪರ್ಕ ಕತ್ತರಿಸಿ, ಹೊರಗಿನಿಂದ ಯಾವ ಕಡತವನ್ನೂ ಒಳಗೆ ಬಿಡದೆ, ನಿರೋಧಕವನ್ನು ತೆಗೆದೆ. ಅಲ್ಲಿಗೆ ಶಾಂತಿ.

ಎಲ್ಲಕ್ಕಿಂತ ತಮಾಷೆಯದು ಡಾಸ್. ಮಕ್ಕಳಿಗೆ ತೋರಿಸಲೆಂದು ಅದನ್ನು ಹಾಕಿದಾಗ ಕಪ್ಪು ಪರದೆಯಲ್ಲಿ ಕರ್ಸರ್ ಮಿಣುಕುವುದು ಬಿಟ್ಟರೆ ಏನೂ ಇಲ್ಲ, ಆದರೂ ಒಂದು ಕೋರ್ ಪೂರ್ತಿ ಭರ್ತಿ! ಕೆಲಸವಿಲ್ಲದ ಬಡಗಿಯ ಗಾದೆ ನಿಮಗೆ ಗೊತ್ತೇ ಇದೆ. ಕೆಲಸವಿಲ್ಲದಾಗ ಪ್ರೊಸೆಸರನ್ನು ಮಲಗಿಸಲು ‘ಹಾಲ್ಟ್’ ಎಂಬ ಆಜ್ಞೆಯಿದೆ. ಇಂದಿನ ವಿಂಡೋಸ್, ಲಿನಕ್ಸ್‌ಗಳು ಸಂದು ಸಿಕ್ಕಾಗಲೆಲ್ಲ ಮಲಗಿಸುತ್ತವೆ. ಡಾಸ್ ಹಾಗಲ್ಲ, ‘ಕೀಲಿ ಒತ್ತಿದರೇ, ಒತ್ತಿದರೇ’ ಎಂದು ಸೆಕೆಂಡಿಗೆ ಲಕ್ಷಾಂತರ ಬಾರಿ ಕೇಳುತ್ತಲೇ ಇರುತ್ತದೆ. ಆ ಕೇಳಿಕೆಗೆ ಸುಟ್ಟ ವಿದ್ಯುತ್ತೆಲ್ಲ ಶಾಖವಾಗಿ ಹೊರಬರುತ್ತದೆ. ಫ್ರೀಡಾಸ್ ಎಂಬ ಉಚಿತ ಆವೃತ್ತಿಯ ಜೊತೆ ಎಫ್‌ಡಿಎಪಿಎಂ ಎಂಬ ಪುಟ್ಟ ಪ್ರೋಗ್ರಾಮ್ ಬರುತ್ತದೆ, ಆ ‘ಹಾಲ್ಟ್’ ಆಜ್ಞೆಯನ್ನು ಡಾಸ್‌ನ ಪರವಾಗಿ ಅದು ಕೊಡುತ್ತದೆ. ಶಾಲೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಅದನ್ನು ಓಡಿಸಿದೆ. ಗೆರೆ ದಡಕ್ಕನೆ ಕೆಳಗೆ ಬಿತ್ತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ಬಂದು ಫ್ಯಾನಿನ ಬಾಯಿಗೆ ಕೈ ಹಿಡಿದು, “ಹೂಂ ಸಾರ್, ಬಿಸಿನೂ ಕಮ್ಮಿ ಆಯ್ತು” ಎಂದ.