ಪರಲೋಕದಿಂದ ರೊಟ್ಟಿಯವರೆಗೆ

ನಾವು ಕ್ರೈಸ್ತರು ದಿನಾ ಹೇಳುವ ಕರ್ತನ ಪ್ರಾರ್ಥನೆಯಲ್ಲಿ ಒಂದು ಇಳಿಜಾರು ಇದೆ, ಗಮನಿಸಿದ್ದೀರಾ? ಶುರುವಾಗುವುದು ಪರಲೋಕದಲ್ಲಿ. ದೇವರ ಹೆಸರು, ದೇವರ ರಾಜ್ಯ, ಅಲ್ಲಿ ನಡೆಯುವ ಆತನ ಚಿತ್ತ ಇಲ್ಲಿಯೂ ನಡೆಯಲಿ ಎಂಬ ಬೇಡಿಕೆ. ಅಷ್ಟು ಎತ್ತರದಲ್ಲಿದ್ದವರು ಮರುಮಾತಿಗೇ ಇವತ್ತಿನ ಊಟಕ್ಕೆ ಬಂದುಬಿಡುತ್ತೇವೆ. ನಡುವೆ ಮೆಟ್ಟಿಲೇ ಇಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆ ಮಳೆ ನಂಬಿ ಜೋಳ ಬಿತ್ತುವವರಿಗೆ ಈ ಕ್ರಮವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆಯ ಪ್ರಾರ್ಥನಾ ಕೂಟಗಳಲ್ಲಿ ಪಾಸ್ಟರ ಮಾತು ಮುಗಿದ ಮೇಲೆ ಅಜ್ಜಿಯರ ಸರದಿ ಬರುತ್ತದೆ. ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಮನೆಯ ಹಿರಿಯನ ಹತ್ತಿರ ಮಾತಾಡುವಂತೆ ಶುರುಮಾಡುತ್ತಾರೆ. "ಯಪ್ಪಾ ತಂದೀ, ಹೊಲ ಬಾಯಿ ಬಿಟ್ಟೈತಿ, ಒಂದ್ ಹದ ಮಳಿ ಕೊಡು. ನಮ್ಮ ಹೊಲಕ್ಕಷ್ಟ ಅಲ್ಲಪಾ, ಬಾಜೂದವ್ರ ಹೊಲಕ್ಕೂ ಬೀಳ್ಲಿ. ದನಾ ಏನ್ ತಪ್ಪ್ ಮಾಡ್ಯಾವು?" ಬಾಜೂದವರು ಯಾವ ದೇವರಿಗೆ ಕೈ ಮುಗಿಯುತ್ತಾರೆ ಎಂಬ ಲೆಕ್ಕ ಅಲ್ಲಿಲ್ಲ. ದೇವರ ಚಿತ್ತ ಎಂದರೇನು ಎಂದು ಎಷ್ಟೋ ಉಪದೇಶ ಕೇಳಿದ್ದೇನೆ. ನನಗೆ ಅದು ತಿಳಿದದ್ದು ಈ ಪಕ್ಕದ ಹೊಲದ ಮಾತಿನಿಂದ.

ಮಳೆಯ ಮಾತು ಬಂತಲ್ಲ, ಗಂಗಾವತಿಯವರನ್ನು ಮರೆಯಬಾರದು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಬಂದ ಮೇಲೆ ಅಲ್ಲಿಯ ನೆಲ ಭತ್ತದ ಕಣಜವಾಯಿತು, ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಅಲ್ಲಿಯ ಆರಾಧನೆಗಳಲ್ಲಿ ತೆಲುಗು ಹಾಡೂ ಕನ್ನಡ ಹಾಡೂ ಬೆರೆಯುತ್ತವೆ. ಅದೇ ಜಿಲ್ಲೆ, ಅದೇ ಪ್ರಾರ್ಥನೆ. ಆದರೆ ಕುಷ್ಟಗಿಯವರು ಆಕಾಶ ನೋಡಿ ಕೇಳುತ್ತಾರೆ, ಇವರು ಕಾಲುವೆಯ ಗೇಟು ನೋಡಿ ಕೇಳುತ್ತಾರೆ.

ಕುಷ್ಟಗಿಯ ಗಡಿ ದಾಟಿದರೆ ಮುದಗಲ್ಲು. ಮೊಹರಮ್ಮಿಗೆ ಹೆಸರಾದ ಆ ಕೋಟೆಯೂರಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ಯಾಥೊಲಿಕ್ ಸಭೆ ಇದೆ. ಕ್ರಿಸ್ತನ ಹೆಸರು ಈ ಭಾಗಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಇನ್ನು ಸ್ವರ್ಗ ಭೂಮಿಗೆ ಇಳಿಯುವ ಮಾತಂತೂ ಕೊಪ್ಪಳಕ್ಕೆ ಅದಕ್ಕಿಂತ ಎಷ್ಟೋ ಹಳೆಯದು. ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು, ಎರಡು ಅಶೋಕನ ಶಾಸನಗಳಿವೆಯಲ್ಲ, ಅವುಗಳಲ್ಲಿ ಇರುವುದೇನು? ಜಂಬೂದ್ವೀಪದಲ್ಲಿ ಈವರೆಗೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ, ಇದು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ಸಿಕ್ಕೀತು ಎಂಬ ಅರ್ಥದ ಮಾತು. ಬುದ್ಧನ ದಾರಿಯವನು ಬರೆಸಿದ್ದು, ನಿಜ. ಆದರೂ ಆ ಬಂಡೆಯ ಮುಂದೆ ನಿಂತಾಗಲೆಲ್ಲ ನನಗೆ ನಮ್ಮ ಪ್ರಾರ್ಥನೆಯೇ ನೆನಪಾಗುತ್ತದೆ. ಅದೇ ಬೆಟ್ಟದ ಬುಡದಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರುಗಟ್ಟಲೆ ರೊಟ್ಟಿ ಬರುತ್ತದೆ. ಬಂದವರೆಲ್ಲ ಕೂತು ಉಣ್ಣುತ್ತಾರೆ. ಹಸಿದವನಿಗೆ ಊಟ ಸಿಗುವ ಕಡೆ ನನ್ನ ದೇವರ ಚಿತ್ತ ನಡೆಯುತ್ತಿದೆ ಎಂದು ನಂಬಲು ನನಗೆ ಯಾವ ಅಡ್ಡಿಯೂ ಇಲ್ಲ.

ಎಲ್ಲಿದ್ದೆವು? ಕ್ರಿಸ್ತನ ಹೆಸರು ಈ ಭಾಗಕ್ಕೆ ಬಂದ ಮಾತಿನಲ್ಲಿ. ಅಲ್ಲಿಂದ ಮಿಷನ್ ಮಾತಿಗೆ ಬರಬೇಕಿತ್ತು. ಕುಕನೂರಿನಿಂದ ಪಡುವಣಕ್ಕೆ ಹೋದರೆ ಗದಗ-ಬೆಟಗೇರಿ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಆಗ ಒಂದು ವಿಚಿತ್ರ ನಡೆಯಿತು. ಈ ಭಾಗದ ಕಾಲಜ್ಞಾನ ಪಂಥದವರು, ನಮ್ಮ ಗುರುಗಳು ನುಡಿದಿದ್ದ ಹೊಸ ಕಾಲ ಇವರಿಂದಲೇ ಬರುತ್ತದೇನೋ ಎಂದು ಮಿಷನರಿಗಳನ್ನು ಹುಡುಕಿಕೊಂಡು ಬಂದರು. ಹಾಗೆ ಬರುವವರಿಗಾಗಿಯೇ ಮಿಷನ್ನಿನವರು ಗದಗ ಹತ್ತಿರದ ಮಲಸಮುದ್ರದಲ್ಲಿ ಹೊಲ ಹಿಡಿದು ಒಂದು ಕೃಷಿ ವಸಾಹತನ್ನೂ ಮಾಡಿದರು. ಎಣಿಸಿದಂತೆ ಜನ ಬಂದು ನೆಲೆಸಲಿಲ್ಲ. ಮಿಷನರಿಗಳು ಒಂದು ಕಾಲ ಕಾಯುತ್ತಿದ್ದರು, ಪಂಥದವರು ಇನ್ನೊಂದು. ನನಗೆ ಇದರಲ್ಲಿ ಸೋಲಿಗಿಂತ ಆ ಕಾಯುವಿಕೆಯೇ ದೊಡ್ಡದಾಗಿ ಕಾಣುತ್ತದೆ. ಆ ಪಂಥದ ಜನ, ಭೂಮಿಯ ಮೇಲೆ ಒಳ್ಳೆಯ ಕಾಲ ಬಂದೇ ಬರುತ್ತದೆ ಎಂದು ಹಾಡು ಕಟ್ಟಿಕೊಂಡು ಕಾದಿದ್ದರು. ಅದನ್ನು ಪ್ರಾರ್ಥನೆ ಎನ್ನದೆ ಏನೆನ್ನಬೇಕು?

ಮುಂದೆ ಬೆಟಗೇರಿಯಲ್ಲಿ ಆಸ್ಪತ್ರೆಯಾಯಿತು. ಜನ ಅದನ್ನು ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಮಹಾಯುದ್ಧ ಬಂದು ಆಗಿನ ಸರ್ಕಾರ ಜರ್ಮನ್ ಮಿಷನರಿಗಳನ್ನು ಇಲ್ಲಿಂದ ತೆಗೆದರೂ ಹೆಸರು ಹೋಗಲಿಲ್ಲ. ಉಪದೇಶ ಮರೆತವರೂ ಗಾಯ ತೊಳೆದ ಕೈಯನ್ನು ಮರೆಯುವುದಿಲ್ಲ.

ಅದೇ ಬಾಸೆಲ್ ಮಿಷನ್ನಿನ ಕಿಟೆಲ್ಲರ ಮಾತು ಎಲ್ಲರಿಗೂ ಗೊತ್ತು. 1853ರಲ್ಲಿ ಬಂದವರು, 1894ರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳ ಕನ್ನಡ ನಿಘಂಟು ಕೊಟ್ಟರು. ಆದರೆ ನಮ್ಮ ಮಣ್ಣಿನವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಬಗ್ಗೆ ಅಷ್ಟು ಮಾತಾಡುವುದಿಲ್ಲ. ಕೊಪ್ಪಳದಿಂದ ಹೊಳೆಯಾಚೆಗಿನ ಹೂವಿನಹಡಗಲಿ ಸೀಮೆಯ ಉತ್ತಂಗಿ ಅವರ ಮನೆತನದ ಊರು. ಹುಟ್ಟಿದ್ದು 1881ರಲ್ಲಿ. ಕೊರಳಲ್ಲಿ ಸಭಾಪಾಲಕನ ಹೊಣೆ, ಕೈಯಲ್ಲಿ ಸರ್ವಜ್ಞನ ತ್ರಿಪದಿ! ಹಳ್ಳಿಯವರ ಬಾಯಿಂದಲೂ ಓಲೆಗರಿಗಳಿಂದಲೂ ಒಂದೊಂದೇ ಆಯ್ದು, ಪಾಠ ಹೋಲಿಸಿ, 1924ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹ ತಂದರು. ಶರಣರ ಅನುಭವ ಮಂಟಪದ ಬಗೆಗೂ ಬರೆದರು. ಒಬ್ಬ ಪಾದ್ರಿಗೆ ಇದೆಲ್ಲ ಏಕೆ ಬೇಕಿತ್ತು ಎಂದು ಆಗಲೂ ಕೇಳಿದವರಿರಬೇಕು, ಈಗಲೂ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಜನರಿಗೆ ಹೇಳಲು ಹೋದವನು ಮೊದಲು ಅವರನ್ನು ಕೇಳಿಸಿಕೊಂಡ. ಅದಕ್ಕಿಂತ ಒಳ್ಳೆಯ ಸುವಾರ್ತೆಯ ಕೆಲಸ ನಾನು ಕಂಡಿಲ್ಲ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಿಜಾಮನ ಆಳ್ವಿಕೆ ಮುಗಿದ ಮರುವರ್ಷ ಅದು. ಮುಂಡರಗಿಯ ಶಿಬಿರದಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳು ನಿಜಾಮನ ವಿರುದ್ಧ ಹೋರಾಟ ನಡೆಸಿದ ನೆಲಕ್ಕೆ ಕನ್ನಡದ ಹಬ್ಬ ಬಂದಾಗ ಗದ್ದುಗೆಯಲ್ಲಿ ಕೂತವರು ಒಬ್ಬ ಕ್ರೈಸ್ತ ಬೋಧಕರು. ಎಂಥ ದಿನಗಳು!

ಉತ್ತಂಗಿಯವರು ತ್ರಿಪದಿ ಆಯ್ದಂತೆ ನಮ್ಮ ಅಜ್ಜಿಯರ ಪ್ರಾರ್ಥನೆಗಳನ್ನೂ ಯಾರಾದರೂ ಬರೆದಿಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಅವು ಯಾವ ಪುಸ್ತಕದಲ್ಲೂ ಇಲ್ಲ. ಮೊಮ್ಮಕ್ಕಳು ಬೆಂಗಳೂರಿಗೆ ಹೋಗಿ ಪುಸ್ತಕದ ಕನ್ನಡದಲ್ಲಿ ಪ್ರಾರ್ಥಿಸಲು ಕಲಿತಿದ್ದಾರೆ. ಅದೂ ದೇವರಿಗೆ ತಲುಪುತ್ತದೆ, ಅನುಮಾನವಿಲ್ಲ. ಆದರೆ ಅದರಲ್ಲಿ ದನ ಬರುವುದಿಲ್ಲ, ಬಾಜೂದವರ ಹೊಲ ಬರುವುದಿಲ್ಲ. ಫೋನು ಈಗ ಎಲ್ಲರ ಕೈಯಲ್ಲೂ ಇದೆ. ಕೂಟ ನಡೆಯುವಾಗ ಬೇಡ, ಮುಗಿದ ಮೇಲೆ ಪಕ್ಕದಲ್ಲಿ ಕೂತು, ಕೇಳಿ, ಅವರು ಒಪ್ಪಿದರೆ ಹಿಡಿದಿಟ್ಟುಕೊಳ್ಳಿ. ಕುಕನೂರು, ಯಲಬುರ್ಗಾ ಕಡೆಯಿಂದ ಶುರುಮಾಡಬಹುದು. ಹೋಗುವುದಾದರೆ ಮುಂಗಾರಿಗೆ ಮುಂಚೆಯೇ ಹೋಗಿ; ಬಿತ್ತನೆ ಶುರುವಾಯಿತೆಂದರೆ ಯಾರೂ ಮನೆಯಲ್ಲಿ ಸಿಗುವುದಿಲ್ಲ.