ಬಿಸಿಲ ನಾಡಿನಲ್ಲಿ ಸೂರ್ಯನ ಪುಸ್ತಕ

ಚೈತ್ರದ ಮಧ್ಯಾಹ್ನ ಹಂಪೆಯ ಹೆಬ್ಬಂಡೆಯೊಂದನ್ನು ಮುಟ್ಟಿ ನೋಡಿದವನಿಗೆ ಸೂರ್ಯಶಕ್ತಿಯ ಪರಿಚಯವನ್ನು ಬೇರೆ ಯಾರೂ ಮಾಡಿಕೊಡಬೇಕಾಗಿಲ್ಲ. ಆದರೆ ಆ ಶಕ್ತಿಯ ಲೆಕ್ಕವನ್ನು ಬಂಡೆ ಹೇಳಲಾರದು. ಅದಕ್ಕೆ ಪುಸ್ತಕವೇ ಬೇಕು.

ಕಂಪ್ಲಿಯಲ್ಲಿರುವ ನನ್ನ ಸೋದರಮಾವನವರು ಮಾಳಿಗೆಯ ಮೇಲೆ ಮೂರು ಕಿಲೊವಾಟಿನ ಸೌರಫಲಕಗಳನ್ನು ಹಾಕಿಸಲು ಮುಂಗಡ ಕೊಡುವುದರಲ್ಲಿದ್ದರು. ದಿನಕ್ಕೆ ಮೂವತ್ತು ಯೂನಿಟ್ಟು ಖಂಡಿತವೆಂದು ಮಾರುವವನು ಭರವಸೆಯಿತ್ತಿದ್ದನಂತೆ. “ಕಬ್ಬು ಮಾರಿದ ಹಣ, ಅಳಿಯಾ, ನಿಜವೋ ಸುಳ್ಳೋ ನೋಡಿ ಹೇಳು” ಎಂದರು. ನನಗೂ ತಿಳಿಯದು. ಎರಡು ದಿನದ ಗಡುವು ಪಡೆದು ಬಸ್ಸು ಹತ್ತಿದೆನು.

ಕಮಲಾಪುರದ ಬಳಿ ಇಳಿದು, 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಹೊಕ್ಕೆನು. ಅದು ಮುಖ್ಯವಾಗಿ ಭಾಷೆ, ಶಾಸನ, ಜಾನಪದಗಳ ಭಂಡಾರ. ಅಲ್ಲಿ ನನಗೆ ದೊರೆತುದು ಬೀಗದ ಕೈ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಸೌರಶಕ್ತಿಯ ತಂತ್ರವಿದ್ಯೆಗೆ 621.47 ಎಂಬ ಅಂಕೆಯಿದೆ. ಆ ಪದ್ಧತಿಯನ್ನು ಅನುಸರಿಸುವ ಯಾವ ಗ್ರಂಥಾಲಯದಲ್ಲಿಯೂ ಅದೇ ಅಂಕೆಯನ್ನು ಹುಡುಕಬಹುದು ಎಂದು ಹಿರಿಯರೊಬ್ಬರು ತಿಳಿಸಿದರು.

ಅಂಕೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೊಸಪೇಟೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಬಂದೆನು. ಕುಳಿತು ಓದಲು ಕಾಸಿಲ್ಲ. ಮನೆಗೆ ಒಯ್ಯುವುದಾದರೆ ಅಲ್ಪ ಠೇವಣಿ. 1965ರ ಗ್ರಂಥಾಲಯ ಕಾಯಿದೆಯಂತೆ ನಾವು ತೆರುವ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ಸೇರಿರುವುದರಿಂದ ಈ ಪುಸ್ತಕಗಳ ಬೆಲೆಯನ್ನು ಊರು ಮೊದಲೇ ತೆತ್ತಿದೆ. ತೆಳುವಾದ ಕೈಪಿಡಿಯೊಂದರಲ್ಲಿ ಉತ್ತರ ಕಾದಿತ್ತು. ನಿರಭ್ರ ಮಧ್ಯಾಹ್ನದಲ್ಲಿ ಚದರ ಮೀಟರೊಂದಕ್ಕೆ ಬೀಳುವ ಬಿಸಿಲು ಸುಮಾರು 1,000 ವಾಟ್. ಫಲಕವು ಅದರ ಐದನೆಯ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿಸೀತು. ಒಂದು ಕಿಲೊವಾಟಿನ ಫಲಕಗಳಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು. ಮೂರಕ್ಕೆ ಹನ್ನೆರಡು, ಮೂವತ್ತಲ್ಲ!

ಪುಸ್ತಕದ ಮಾತನ್ನು ಕಣ್ಣಾರೆ ಕಾಣಲೆಂದು ಮರುದಿನ ಸಂಡೂರಿಗೆ ಹೋದೆನು. ಹಾದಿಯ ಬದಿಯ ಮನೆಯೊಂದರ ಫಲಕಗಳ ಮೇಲೆ ಅದಿರಿನ ಕೆಂಧೂಳು ಕುಳಿತಿತ್ತು. ಧೂಳು ಹೆಚ್ಚಿದಷ್ಟೂ ವಿದ್ಯುತ್ತು ಕಡಿಮೆ. ಒರೆಸುವ ಕೆಲಸವೂ ಲೆಕ್ಕಕ್ಕೆ ಸೇರಬೇಕು. ಸಮೀಪದ ಹಳ್ಳಿಯ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ವೆಂದು ಹೆಸರು. ಅಲ್ಲಿಯ ಗಣಕಯಂತ್ರದಲ್ಲಿ ಭಾರತ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನೂ ರಾಜ್ಯದ ಡಿಜಿಟಲ್ ಗ್ರಂಥಾಲಯವನ್ನೂ ತೆರೆದು ನೋಡಿದೆನು, ಎರಡಕ್ಕೂ ಶುಲ್ಕವಿಲ್ಲ. 2024ರಲ್ಲಿ ಆರಂಭವಾದ ಕೇಂದ್ರ ಸರಕಾರದ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೊವಾಟಿಗೆ 78,000 ರೂಪಾಯಿ ಸಹಾಯಧನವಿರುವುದೂ ಅಲ್ಲಿಯೇ ತಿಳಿಯಿತು. ಮಾರುವವನು ಮಾವನವರಿಗೆ ಇದನ್ನು ಹೇಳಿಯೇ ಇರಲಿಲ್ಲ.

ಸಂಜೆ ಕಂಪ್ಲಿಗೆ ಮರಳಿದಾಗ ಮಾವನವರು ಲೆಕ್ಕವನ್ನು ಎರಡು ಸಲ ಹೇಳಿಸಿಕೊಂಡರು. ಫಲಕ ಬೇಡವೆನ್ನಲಿಲ್ಲ. “ನಮ್ಮ ಮನೆಗೆ ಹನ್ನೆರಡೇ ಸಾಕು. ಹನ್ನೆರಡೆಂದು ಬರೆದುಕೊಡುವವನನ್ನು ಹುಡುಕೋಣ” ಎಂದರು. ಈ ಅರಿವಿಗೆ ನಾನು ತೆತ್ತುದು ಬಸ್ಸಿನ ದುಡ್ಡು ಮಾತ್ರ.